ವೈರ್‌ಶಾರ್ಕ್ ಪರದೆ ಖಾಲಿ ಇದೆಯಾ? ಒಂದೇ ಕಂಪ್ಯೂಟರ್‌ನೊಳಗಿನ ಪ್ಯಾಕೆಟ್‌ಗಳನ್ನು ಹಿಡಿಯುವುದು ಹೀಗೆ

ನಿಮ್ಮ ಕಂಪ್ಯೂಟರ್‌ನಲ್ಲೇ ಒಂದು ವೆಬ್ ಸರ್ವರ್ ಓಡುತ್ತಿದೆ. ಅದೇ ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ತೆರೆದರೆ ಪುಟ ಚೆನ್ನಾಗಿಯೇ ಬರುತ್ತದೆ. ಆದರೆ ನೆಟ್‌ವರ್ಕ್‌ನಲ್ಲಿ ಓಡಾಡುವ ಪ್ಯಾಕೆಟ್‌ಗಳನ್ನು, ಅಂದರೆ ಡೇಟಾದ ತುಣುಕುಗಳನ್ನು, ಹಿಡಿದು ತೋರಿಸುವ ವೈರ್‌ಶಾರ್ಕ್‌ನಲ್ಲಿ ಅದರ ಸುಳಿವೇ ಇಲ್ಲ. ಬೇರೆ ಯಾವುದೋ ನೂರಾರು ಪ್ಯಾಕೆಟ್‌ಗಳು ಓಡಾಡುತ್ತಿರುತ್ತವೆ, ಬೇಕಾದದ್ದು ಮಾತ್ರ ಕಾಣುವುದಿಲ್ಲ. ಇಂಥ ಹೊತ್ತಲ್ಲಿ ಪ್ರೋಗ್ರಾಂ ತೆಗೆದುಹಾಕಿ ಮತ್ತೆ ಹಾಕಿಕೊಳ್ಳೋಣ ಅನಿಸುವುದು ಸಹಜ. ಅದರಿಂದ ಸಮಸ್ಯೆ ಬಗೆಹರಿಯುವುದು ಅಪರೂಪ.

ಪ್ಯಾಕೆಟ್ ಹಿಡಿಯುವ ಟೂಲ್ ಇಡೀ ಕಂಪ್ಯೂಟರನ್ನು ನೋಡುವುದಿಲ್ಲ. ದಾರಿಯ ಒಂದು ಜಾಗದಲ್ಲಿ ಕೂತು, ಅಲ್ಲಿ ಹಾದುಹೋದದ್ದನ್ನು ಮಾತ್ರ ಬರೆದಿಡುತ್ತದೆ. ಹಾಗಾಗಿ ಪರದೆ ಖಾಲಿ ಇದ್ದಾಗ ಕೇಳಬೇಕಾದ ಮೊದಲ ಪ್ರಶ್ನೆ ಇದು: ನನ್ನ ಪ್ಯಾಕೆಟ್ ಯಾವ ದಾರಿಯಲ್ಲಿ ಹೋಗುತ್ತಿದೆ, ನಾನು ಕಾಯುತ್ತಿರುವುದು ಆ ದಾರಿಯಲ್ಲೇನಾ? ಕೆಳಗಿನ ಹಂತಗಳೆಲ್ಲ ಈ ಪ್ರಶ್ನೆಗೆ ಉತ್ತರ ಹುಡುಕುವ ಕ್ರಮ. ಮೇಲಿನಿಂದ ಕೆಳಕ್ಕೆ ಅದೇ ಕ್ರಮದಲ್ಲಿ ಹೋಗಿ. ಆಜ್ಞೆಗಳನ್ನು ಓದಲು ಸುಲಭವಾಗಲಿ ಅಂತ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲಿ ಕೊಡಿ.

ಹಂತ 1: ಟೂಲ್ ಕೆಲಸ ಮಾಡುತ್ತಿದೆಯಾ ಅಂತ ಖಚಿತ ಮಾಡಿಕೊಳ್ಳಿ

ನಿಮ್ಮ ಅಪ್ಲಿಕೇಶನ್ನನ್ನು ಸದ್ಯಕ್ಕೆ ಬದಿಗಿಡಿ. ಖಂಡಿತ ಹೋಗುತ್ತದೆ ಅಂತ ಗೊತ್ತಿರುವ ಒಂದು ಪ್ಯಾಕೆಟ್ ಕಳಿಸಿ, ಅದು ಸಿಗುತ್ತದಾ ನೋಡಿ. ಇದಕ್ಕೆ ಪಿಂಗ್ ಸಾಕು, ಒಂದು ವಿಳಾಸ ಉತ್ತರ ಕೊಡುತ್ತದಾ ಅಂತ ಕೇಳುವ ಆಜ್ಞೆ ಅದು.

ವೈರ್‌ಶಾರ್ಕ್ ತೆರೆದರೆ ಇಂಟರ್‌ಫೇಸ್‌ಗಳ, ಅಂದರೆ ಪ್ಯಾಕೆಟ್ ಹೋಗಿಬರುವ ಬಾಗಿಲುಗಳ, ಪಟ್ಟಿ ಬರುತ್ತದೆ. ಅದರಲ್ಲಿ ಲೂಪ್‌ಬ್ಯಾಕ್ ಹುಡುಕಿ, ಕಂಪ್ಯೂಟರ್ ತನ್ನೊಂದಿಗೆ ತಾನೇ ಮಾತಾಡುವ ಒಳದಾರಿ ಅದು. ಲಿನಕ್ಸ್‌ನಲ್ಲಿ ಅದರ ಹೆಸರು ‘ಎಲ್‌ಒ’, ಮ್ಯಾಕ್‌ನಲ್ಲಿ ‘ಎಲ್‌ಒ0’. ವಿಂಡೋಸ್‌ನಲ್ಲಿ ‘ಅಡಾಪ್ಟರ್ ಫಾರ್ ಲೂಪ್‌ಬ್ಯಾಕ್ ಟ್ರಾಫಿಕ್ ಕ್ಯಾಪ್ಚರ್’ ಅಂತ ಉದ್ದದ ಹೆಸರಿರುತ್ತದೆ. ಫಿಲ್ಟರ್ ಜಾಗವನ್ನು ಪೂರ್ತಿ ಖಾಲಿ ಬಿಟ್ಟು ಅದರ ಮೇಲೆ ಡಬಲ್ ಕ್ಲಿಕ್ ಮಾಡಿ. ಈಗ ಟರ್ಮಿನಲ್‌ನಲ್ಲಿ ‘ಪಿಂಗ್ 127.0.0.1’ ಕೊಡಿ. ಪ್ರತಿ ಪಿಂಗ್‌ಗೂ ಒಂದು ರಿಕ್ವೆಸ್ಟ್, ಒಂದು ರಿಪ್ಲೈ ಬರಬೇಕು. ಬಂದರೆ ಟೂಲ್ ಸರಿ ಇದೆ, ನೇರ ಹಂತ 3ಕ್ಕೆ ಹೋಗಿ.

ಇಂಟರ್‌ಫೇಸ್ ಹೆಸರುಗಳ ಪಕ್ಕದಲ್ಲಿ ಪುಟ್ಟ ಅಲೆಯಂಥ ಗೆರೆ ಓಡುತ್ತಿರುತ್ತದೆ, ಗಮನಿಸಿದ್ದೀರಾ? ಆ ಇಂಟರ್‌ಫೇಸ್‌ನಲ್ಲಿ ಈಗ ಎಷ್ಟು ಓಡಾಟ ಇದೆ ಅಂತ ಅದು ತೋರಿಸುತ್ತದೆ. ನಿಮ್ಮ ಅಪ್ಲಿಕೇಶನ್‌ನಿಂದ ಒಂದಷ್ಟು ರಿಕ್ವೆಸ್ಟ್ ಕಳಿಸುತ್ತಾ ಯಾವ ಗೆರೆ ಕುಣಿಯುತ್ತದೆ ನೋಡಿ. ಎಷ್ಟೋ ಸಲ ಉತ್ತರ ಅಲ್ಲೇ ಸಿಕ್ಕಿಬಿಡುತ್ತದೆ.

ಟರ್ಮಿನಲ್‌ನಲ್ಲೇ ಕೆಲಸ ಮಾಡುವವರಿಗೆ ಟಿಸಿಪಿಡಂಪ್ ಅನ್ನುವ ಪ್ಯಾಕೆಟ್ ಹಿಡಿಯುವ ಆಜ್ಞೆ ಸಾಕು. ‘ಮೈನಸ್ ಐ’ ಜೊತೆ ಇಂಟರ್‌ಫೇಸ್ ಹೆಸರು ಕೊಡಿ. ‘ಮೈನಸ್ ಎನ್’ ಸೇರಿಸುವುದನ್ನು ಮರೆಯಬೇಡಿ. ಅದಿಲ್ಲದಿದ್ದರೆ ಟಿಸಿಪಿಡಂಪ್ ಪ್ರತಿ ವಿಳಾಸಕ್ಕೂ ಹೆಸರು ಹುಡುಕಲು ಡಿಎನ್‌ಎಸ್ ಅನ್ನು, ಅಂದರೆ ಹೆಸರು ಮತ್ತು ವಿಳಾಸ ಜೋಡಿಸುವ ವ್ಯವಸ್ಥೆಯನ್ನು, ಕೇಳುತ್ತದೆ. ಔಟ್‌ಪುಟ್ ನಿಧಾನವಾಗುತ್ತದೆ. ಜೊತೆಗೆ ಅದರದೇ ಡಿಎನ್‌ಎಸ್ ಪ್ರಶ್ನೆಗಳು ನಿಮ್ಮ ಕ್ಯಾಪ್ಚರ್‌ನೊಳಗೆ (ಹಿಡಿದಿಟ್ಟ ಪ್ಯಾಕೆಟ್‌ಗಳೊಳಗೆ) ಬಂದು ಬೀಳುತ್ತವೆ.

ಹಂತ 2: ಪಿಂಗ್ ಕೂಡ ಕಾಣದಿದ್ದರೆ, ಅನುಮತಿ ಮತ್ತು ಡ್ರೈವರ್

ಇಂಟರ್‌ಫೇಸ್ ಪಟ್ಟಿಯೇ ಖಾಲಿ ಇದ್ದರೆ ಅಥವಾ ಅನುಮತಿ ಇಲ್ಲ ಅಂತ ಸಂದೇಶ ಬಂದರೆ ತೊಂದರೆ ಇಲ್ಲೇ ಇದೆ.

ಲಿನಕ್ಸ್‌ನಲ್ಲಿ ಪ್ಯಾಕೆಟ್ ಹಿಡಿಯುವ ಕೆಲಸವನ್ನು ವೈರ್‌ಶಾರ್ಕ್ ತಾನೇ ಮಾಡುವುದಿಲ್ಲ. ‘ಡಂಪ್‌ಕ್ಯಾಪ್’ ಅನ್ನುವ ಸಣ್ಣ ಪ್ರೋಗ್ರಾಂ ಮಾಡುತ್ತದೆ. ವಿಶೇಷ ಅನುಮತಿ ಬೇಕಿರುವುದು ಅದಕ್ಕೆ ಮಾತ್ರ. ಡೆಬಿಯನ್, ಉಬುಂಟುಗಳಲ್ಲಿ ಇನ್‌ಸ್ಟಾಲ್ ಮಾಡುವಾಗ, ಸಾಮಾನ್ಯ ಬಳಕೆದಾರರಿಗೂ ಪ್ಯಾಕೆಟ್ ಹಿಡಿಯಲು ಬಿಡಬೇಕಾ ಅಂತ ಒಂದು ಪ್ರಶ್ನೆ ಬರುತ್ತದೆ. ಹೌದು ಅನ್ನಿ. ಆಮೇಲೆ ನಿಮ್ಮ ಖಾತೆಯನ್ನು ‘ವೈರ್‌ಶಾರ್ಕ್’ ಗುಂಪಿಗೆ ಸೇರಿಸಿ, ಲಾಗ್ಔಟ್ ಮಾಡಿ ಮತ್ತೆ ಲಾಗಿನ್ ಆಗಿ. ಲಾಗ್ಔಟ್ ಮಾಡದಿದ್ದರೆ ಗುಂಪು ಬದಲಾದದ್ದು ಆ ಸೆಷನ್‌ಗೆ ಗೊತ್ತೇ ಆಗುವುದಿಲ್ಲ. ಇಷ್ಟೆಲ್ಲಾ ಯಾಕೆ, ವೈರ್‌ಶಾರ್ಕನ್ನೇ ರೂಟ್ ಆಗಿ, ಅಂದರೆ ಎಲ್ಲ ಅಧಿಕಾರ ಇರುವ ಖಾತೆಯಲ್ಲಿ, ಓಡಿಸಿದರಾಯಿತು ಅನಿಸಬಹುದು. ದಯವಿಟ್ಟು ಬೇಡ. ಅದರೊಳಗೆ ಸಾವಿರಾರು ಪ್ರೋಟೋಕಾಲ್‌ಗಳನ್ನು ಬಿಡಿಸಿ ಓದುವ ಭಾರೀ ಕೋಡ್ ಇದೆ. ಯಾರೋ ಬೇಕಂತಲೇ ಕೆಡಿಸಿ ಕಳಿಸಿದ ಒಂದು ಪ್ಯಾಕೆಟ್ ಆ ಕೋಡ್‌ನ ಒಂದು ಬಗ್ ಮುಟ್ಟಿದರೆ, ರೂಟ್ ಅಧಿಕಾರವೇ ಅವರ ಕೈಗೆ ಹೋಗಬಹುದು. ಹಿಡಿಯುವ ಕೆಲಸವನ್ನು ಬೇರೆ ಪ್ರೋಗ್ರಾಂಗೆ ಕೊಟ್ಟಿರುವುದು ಇದೇ ಕಾರಣಕ್ಕೆ.

ಮ್ಯಾಕ್‌ನಲ್ಲಿ ವೈರ್‌ಶಾರ್ಕ್ ಜೊತೆ ‘ಸಿಎಚ್‌ಮಾಡ್ ಬಿಪಿಎಫ್’ ಅನ್ನುವ ಚಿಕ್ಕ ಪ್ಯಾಕೇಜ್ ಬರುತ್ತದೆ. ಅದನ್ನು ಹಾಕದೆ ಬಿಟ್ಟಿದ್ದರೆ ಈಗ ಹಾಕಿ.

ವಿಂಡೋಸ್‌ನಲ್ಲಿ ವಿಷಯ ಡ್ರೈವರ್‌ನದು. ಹಳೆಯ ವಿನ್‌ಪಿಕ್ಯಾಪ್‌ನಿಂದ ಲೂಪ್‌ಬ್ಯಾಕ್ ಹಿಡಿಯಲು ಆಗುತ್ತಿರಲಿಲ್ಲ. ಅದರ ಕೊನೆಯ ಆವೃತ್ತಿ 4.1.3 ಬಂದದ್ದು 2013ರಲ್ಲಿ. ಈಗಿರುವುದು ಎನ್‌ಮ್ಯಾಪ್ ತಂಡದ ಎನ್‌ಪಿಕ್ಯಾಪ್. 2019ರ ವೈರ್‌ಶಾರ್ಕ್ 3.0ರಿಂದ ಇದೇ ಜೊತೆಗೆ ಬರುತ್ತಿದೆ. ಕಂಪ್ಯೂಟರ್‌ನಲ್ಲಿ ಎಲ್ಲೋ ಹಳೆಯ ವಿನ್‌ಪಿಕ್ಯಾಪ್ ಉಳಿದಿದ್ದರೆ ತೆಗೆದುಹಾಕಿ, ಎನ್‌ಪಿಕ್ಯಾಪ್ ಒಂದೇ ಇರಲಿ. ಸರ್ವೀಸ್ ಓಡುತ್ತಿದೆಯಾ ಅಂತ ‘ಎಸ್‌ಸಿ ಕ್ವೆರಿ ಎನ್‌ಪಿಕ್ಯಾಪ್’ ಕೊಟ್ಟು ನೋಡಿ. ನಿಂತಿದ್ದರೆ ಅಡ್ಮಿನ್ ಆಗಿ ‘ನೆಟ್ ಸ್ಟಾರ್ಟ್ ಎನ್‌ಪಿಕ್ಯಾಪ್’ ಕೊಡಿ. ಇನ್‌ಸ್ಟಾಲ್ ಮಾಡುವಾಗ ‘ಅಡ್ಮಿನ್‌ಗಳಿಗೆ ಮಾತ್ರ’ ಅನ್ನುವ ಆಯ್ಕೆ ಹಾಕಿದ್ದರೆ, ಉಳಿದವರಿಗೆ ಪ್ರತಿ ಸಲವೂ ಅನುಮತಿ ಕೇಳುತ್ತದೆ. ಡ್ರೈವರ್ ಹಾಕಲು ಬಿಡದ ಕಂಪ್ಯೂಟರ್ ಆದರೆ ‘ರಾಕ್ಯಾಪ್’ ಅನ್ನುವ ಪುಟ್ಟ ಟೂಲ್ ಇದೆ. ಅದಕ್ಕೆ ಡ್ರೈವರ್ ಬೇಡ, ಅಡ್ಮಿನ್ ಅನುಮತಿ ಮಾತ್ರ ಬೇಕು.

ವೈಫೈ ಕಾರ್ಡ್‌ನಲ್ಲಿ ಮಾತ್ರ ಏನೂ ಕಾಣುತ್ತಿಲ್ಲವಾದರೆ, ಕ್ಯಾಪ್ಚರ್ ಆಯ್ಕೆಗಳಲ್ಲಿ ‘ಪ್ರಾಮಿಸ್ಕ್ಯುವಸ್ ಮೋಡ್’ (ಬೇರೆಯವರಿಗೆ ಹೋಗುವ ಪ್ಯಾಕೆಟ್‌ಗಳನ್ನೂ ಹಿಡಿಯುವ ಆಯ್ಕೆ) ಟಿಕ್ ತೆಗೆದು ನೋಡಿ. ಕೆಲವು ವೈಫೈ ಡ್ರೈವರ್‌ಗಳಿಗೆ ಅದು ಒಗ್ಗುವುದಿಲ್ಲ. ನಿಮ್ಮದೇ ಕಂಪ್ಯೂಟರ್‌ನ ಟ್ರಾಫಿಕ್ ನೋಡಲು ಅದು ಬೇಕಾಗಿಯೂ ಇಲ್ಲ.

ಹಂತ 3: ಪ್ಯಾಕೆಟ್ ಹೋಗುವ ದಾರಿ ಗುರುತಿಸಿ

ಜಾಸ್ತಿ ಜನ ಎಡವುವುದು ಇಲ್ಲೇ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನಿಸೋಣ.

ನಿಮ್ಮ ಕಂಪ್ಯೂಟರ್‌ನ ವಿಳಾಸ 192.168.1.5 ಅಂತ ಇಟ್ಟುಕೊಳ್ಳಿ. ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್ (‘ಇದೇ ಕಂಪ್ಯೂಟರ್’ ಅನ್ನುವ ಹೆಸರು) ಬದಲು 192.168.1.5 ಅಂತಲೇ ಕೊಟ್ಟಿದ್ದೀರಿ. ಈಗ ಪ್ಯಾಕೆಟ್ ನೆಟ್‌ವರ್ಕ್ ಕಾರ್ಡ್ ಮೂಲಕ ಹೊರಗೆ ಹೋಗಿ ವಾಪಸ್ ಬರುತ್ತದೆ ಅಂತ ಅನಿಸುತ್ತದೆ, ಅಲ್ವಾ? ಬರುವುದಿಲ್ಲ. ಸೇರಬೇಕಾದ ವಿಳಾಸ ತನ್ನದೇ ಅಂತ ಕರ್ನಲ್‌ಗೆ, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಿಗೆ, ಗೊತ್ತು. ಹಾಗಾಗಿ ಅದು ಪ್ಯಾಕೆಟನ್ನು ಒಳಗೇ ತಿರುಗಿಸಿಬಿಡುತ್ತದೆ. ಅಡುಗೆಮನೆಯಿಂದ ಹಾಲ್‌ಗೆ ಹೋಗುವವರು ಗೇಟ್ ದಾಟುವುದಿಲ್ಲ. ಗೇಟ್ ಹತ್ತಿರ ಎಷ್ಟು ಹೊತ್ತು ಕಾದರೂ ಅವರು ಸಿಗುವುದಿಲ್ಲ. ಈಥರ್ನೆಟ್ ಅಥವಾ ವೈಫೈ ಇಂಟರ್‌ಫೇಸ್ ಮೇಲೆ ಕಾಯುವುದೂ ಹಾಗೇ.

ಲಿನಕ್ಸ್‌ನಲ್ಲಿ ಇದನ್ನು ಒಂದೇ ಆಜ್ಞೆಯಲ್ಲಿ ನೋಡಬಹುದು. ‘ಐಪಿ ರೂಟ್ ಗೆಟ್’ (ಇಲ್ಲಿ ರೂಟ್ ಅಂದರೆ ದಾರಿ, ಮೇಲೆ ಹೇಳಿದ ಖಾತೆ ಅಲ್ಲ) ಬರೆದು ಮುಂದೆ ನಿಮ್ಮದೇ ವಿಳಾಸ ಕೊಡಿ. ಉತ್ತರದಲ್ಲಿ ‘ಲೋಕಲ್’ ಅಂತಲೂ, ‘ಡೆವ್ ಎಲ್‌ಒ’ ಅಂತಲೂ ಇರುತ್ತದೆ. ಅಂದರೆ ಲೂಪ್‌ಬ್ಯಾಕ್. ಮ್ಯಾಕ್‌ನಲ್ಲಿ ಇದೇ ಕೆಲಸಕ್ಕೆ ‘ರೂಟ್ ಗೆಟ್’ ಇದೆ. ಯಾವುದೇ ಕ್ಯಾಪ್ಚರ್ ಶುರು ಮಾಡುವ ಮುಂಚೆ ಇದನ್ನು ಓಡಿಸುವುದು ರೂಢಿಯಾಗಲಿ. ಎರಡು ಸೆಕೆಂಡಿನ ಕೆಲಸ, ಒಂದು ಸಂಜೆ ಉಳಿಸುತ್ತದೆ.

ಎರಡನೆಯ ಗೊಂದಲ ‘ಲೋಕಲ್‌ಹೋಸ್ಟ್’ ಅನ್ನುವ ಹೆಸರಿನದೇ. ಅದಕ್ಕೆ ಐಪಿ ನಾಲ್ಕರಲ್ಲಿ (ಐಪಿವಿ4, ಹಳೆಯ ವಿಳಾಸ ಪದ್ಧತಿ) 127.0.0.1, ಐಪಿ ಆರರಲ್ಲಿ (ಐಪಿವಿ6, ಹೊಸ ಪದ್ಧತಿ) ::1 ಅಂತ ಎರಡು ವಿಳಾಸಗಳಿವೆ. ಹಲವು ಪ್ರೋಗ್ರಾಂಗಳು ::1 ಅನ್ನೇ ಮೊದಲು ಪ್ರಯತ್ನಿಸುತ್ತವೆ. ನೀವು 127.0.0.1 ಅಂತ ಫಿಲ್ಟರ್ ಹಾಕಿ ಕೂತಿದ್ದರೆ ಅಷ್ಟೂ ಟ್ರಾಫಿಕ್ ಪಕ್ಕದಲ್ಲೇ ಹಾದುಹೋಗಿರುತ್ತದೆ. ಇನ್ನೂ ಒಂದು ವಿಷಯ. 127ರಿಂದ ಶುರುವಾಗುವ ಎಲ್ಲ ವಿಳಾಸಗಳೂ ಲೂಪ್‌ಬ್ಯಾಕ್‌ಗೆ ಮೀಸಲು. ಸಿಸ್ಟಮ್‌ಡಿ ಇರುವ ಹಲವು ಲಿನಕ್ಸ್‌ಗಳಲ್ಲಿ ಡಿಎನ್‌ಎಸ್ ಪ್ರಶ್ನೆಗಳು ಮೊದಲು ಹೋಗುವುದು 127.0.0.53ಕ್ಕೆ. ಅಂದರೆ ಅಪ್ಲಿಕೇಶನ್ ಕೇಳಿದ ಪ್ರಶ್ನೆ ಲೂಪ್‌ಬ್ಯಾಕ್‌ನಲ್ಲಿ ಕಾಣುತ್ತದೆ. ಹೊರಗಿನ ಡಿಎನ್‌ಎಸ್ ಸರ್ವರ್‌ಗೆ ಹೋಗುವ ಪ್ರಶ್ನೆ ವೈಫೈ ಮೇಲೆ ಕಾಣುತ್ತದೆ. ಉತ್ತರ ಕ್ಯಾಶ್‌ನಲ್ಲೇ (ಮೊದಲೇ ಉಳಿಸಿಟ್ಟ ನಕಲಿನಲ್ಲೇ) ಇದ್ದರೆ ಆ ಎರಡನೆಯದು ಇರುವುದೇ ಇಲ್ಲ.

ಹೊರಗಿನ ಸರ್ವರ್ ಜೊತೆಗಿನ ಮಾತುಕತೆ ಬೇಕು, ವಿಪಿಎನ್ ಕೂಡ ಆನ್ ಇದೆ ಅಂದರೆ ದಾರಿ ಇನ್ನೊಂದು ತಿರುವು ತೆಗೆದುಕೊಳ್ಳುತ್ತದೆ. ವಿಪಿಎನ್ ತನ್ನದೇ ಇಂಟರ್‌ಫೇಸ್ ಮಾಡಿಕೊಳ್ಳುತ್ತದೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ‘ಟನ್0’, ಮ್ಯಾಕ್‌ನಲ್ಲಿ ‘ಯುಟನ್’ ಅಂತ ಶುರುವಾಗುವ ಹೆಸರು. ನಿಮ್ಮ ಪ್ಯಾಕೆಟ್‌ಗಳು ಅಸಲಿ ರೂಪದಲ್ಲಿ ಅಲ್ಲಿ ಸಿಗುತ್ತವೆ. ವೈಫೈ ಮೇಲೆ ಸಿಗುವುದು ಅವನ್ನು ಗೂಢಲಿಪಿಯಲ್ಲಿ ಸುತ್ತಿದ ಹೊರಕವಚ ಮಾತ್ರ.

ದಾರಿ ತಿಳಿಯದೆ ಕಂಗಾಲಾದರೆ ಲಿನಕ್ಸ್‌ನಲ್ಲಿ ‘ಎನಿ’ ಅನ್ನುವ ಇಂಟರ್‌ಫೇಸ್ ಇದೆ. ಎಲ್ಲವನ್ನೂ ಒಟ್ಟಿಗೆ ನೋಡುತ್ತದೆ. ಹುಡುಕಲು ಇದು ಒಳ್ಳೆಯದು. ಆದರೆ ಒಂದೇ ಪ್ಯಾಕೆಟ್ ಎರಡು ಮೂರು ಇಂಟರ್‌ಫೇಸ್ ದಾಟಿದರೆ ಅಷ್ಟೂ ಸಲ ಕಾಣುತ್ತದೆ, ಅದನ್ನು ಮರುಪ್ರಸಾರ ಅಂತ ತಪ್ಪಾಗಿ ಓದುವ ಅಪಾಯ ಇದೆ. ದಾರಿ ಸಿಕ್ಕ ಮೇಲೆ ಆ ಒಂದು ಇಂಟರ್‌ಫೇಸ್‌ಗೇ ಬನ್ನಿ.

ಹಂತ 4: ಅದು ನಿಜಕ್ಕೂ ಪ್ಯಾಕೆಟ್ಟೇನಾ?

ಲೂಪ್‌ಬ್ಯಾಕ್ ಮೇಲೆ ಪಿಂಗ್ ಕಾಣುತ್ತದೆ, ವೆಬ್ ಸರ್ವರ್ ಕಾಣುತ್ತದೆ, ಆದರೆ ಡೇಟಾಬೇಸ್ ಮಾತ್ರ ಕಾಣುವುದಿಲ್ಲ. ಇದಕ್ಕೆ ಒಂದು ಸರಳ ಕಾರಣ ಇರಬಹುದು. ಒಂದೇ ಕಂಪ್ಯೂಟರ್‌ನಲ್ಲಿರುವ ಎರಡು ಪ್ರೋಗ್ರಾಂಗಳು ಮಾತಾಡಲು ನೆಟ್‌ವರ್ಕ್ ಬೇಕೇಬೇಕು ಅಂತ ಏನಿಲ್ಲ.

ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಮೈಎಸ್‌ಕ್ಯುಎಲ್ ಕ್ಲೈಂಟ್‌ಗೆ ಹೋಸ್ಟ್ ಹೆಸರು ‘ಲೋಕಲ್‌ಹೋಸ್ಟ್’ ಅಂತ ಕೊಟ್ಟರೆ ಅದು ಟಿಸಿಪಿ (ನೆಟ್‌ವರ್ಕ್ ಕನೆಕ್ಷನ್‌ನ ಮಾಮೂಲಿ ವಿಧಾನ) ಬಳಸುವುದೇ ಇಲ್ಲ. ಯುನಿಕ್ಸ್ ಸಾಕೆಟ್ ಫೈಲ್ ಮೂಲಕ ಸರ್ವರ್ ಜೊತೆ ನೇರ ಮಾತಾಡುತ್ತದೆ. ಅಲ್ಲಿ ಐಪಿ ಇಲ್ಲ, ಪೋರ್ಟ್ ಇಲ್ಲ, ಹಿಡಿಯಲು ಪ್ಯಾಕೆಟ್ಟೂ ಇಲ್ಲ. ಹೋಸ್ಟ್ ಜಾಗದಲ್ಲಿ 127.0.0.1 ಅಂತ ಬರೆದು ನೋಡಿ, ತಕ್ಷಣ 3306ನೇ ಪೋರ್ಟ್‌ನಲ್ಲಿ ಎಲ್ಲವೂ ಕಾಣಿಸುತ್ತದೆ. ಪೋಸ್ಟ್‌ಗ್ರೆಸ್‌ನ ಪಿಎಸ್‌ಕ್ಯುಎಲ್ ಸ್ವಲ್ಪ ಬೇರೆ. ಹೋಸ್ಟ್ ಹೆಸರೇ ಕೊಡದಿದ್ದರೆ ಅದು ಯುನಿಕ್ಸ್ ಸಾಕೆಟ್ ಹಿಡಿಯುತ್ತದೆ. ‘ಲೋಕಲ್‌ಹೋಸ್ಟ್’ ಅಂತ ಕೊಟ್ಟರೆ ಟಿಸಿಪಿಗೆ ಬರುತ್ತದೆ. ವಿಂಡೋಸ್‌ನಲ್ಲಿ ಎಸ್‌ಕ್ಯುಎಲ್ ಸರ್ವರ್ ಅದೇ ಕಂಪ್ಯೂಟರ್‌ನ ಕ್ಲೈಂಟ್ ಜೊತೆ ಶೇರ್ಡ್ ಮೆಮೊರಿ ಮೂಲಕ ಮಾತಾಡಬಹುದು. ಸರ್ವರ್ ಹೆಸರಿನ ಮುಂದೆ ‘ಟಿಸಿಪಿ’ ಮತ್ತು ಕೋಲನ್ ಸೇರಿಸಿದರೆ ಟಿಸಿಪಿಯಲ್ಲೇ ಹೋಗುವಂತೆ ಮಾಡಬಹುದು.

ಹಾಗಾಗಿ ಮೊದಲು ಕನೆಕ್ಷನ್ ಇದೆಯಾ ಅಂತ ಆಪರೇಟಿಂಗ್ ಸಿಸ್ಟಮ್ಮನ್ನೇ ಕೇಳಿ. ಲಿನಕ್ಸ್‌ನಲ್ಲಿ ‘ಎಸ್‌ಎಸ್ ಮೈನಸ್ ಟಿಎನ್‌ಪಿ’ ಯಾವ ಪ್ರೋಗ್ರಾಂ ಯಾವ ವಿಳಾಸದ ಜೊತೆ ಟಿಸಿಪಿ ಕನೆಕ್ಷನ್ ಇಟ್ಟುಕೊಂಡಿದೆ ಅಂತ ತೋರಿಸುತ್ತದೆ. ವಿಂಡೋಸ್‌ನಲ್ಲಿ ‘ನೆಟ್‌ಸ್ಟ್ಯಾಟ್ ಮೈನಸ್ ಎಎನ್‌ಒ’, ಮ್ಯಾಕ್‌ನಲ್ಲಿ ‘ಎಲ್‌ಎಸ್‌ಒಎಫ್ ಮೈನಸ್ ಐ’. ಆ ಪಟ್ಟಿಯಲ್ಲಿ ನಿಮ್ಮ ಪ್ರೋಗ್ರಾಂ ಇಲ್ಲದಿದ್ದರೆ ಕ್ಯಾಪ್ಚರ್‌ನಲ್ಲಿ ಟಿಸಿಪಿ ಪ್ಯಾಕೆಟ್ ಹುಡುಕಿ ಪ್ರಯೋಜನ ಇಲ್ಲ.

ಬ್ರೌಸರ್ ಬಗ್ಗೆಯೂ ಒಂದು ಮಾತು. ಪುಟ ಪರದೆಯ ಮೇಲೆ ಬಂತು ಅಂದಮಾತ್ರಕ್ಕೆ ರಿಕ್ವೆಸ್ಟ್ ಹೋಯಿತು ಅಂತಲ್ಲ. ಅದು ಕ್ಯಾಶ್‌ನಿಂದ ಬಂದಿರಬಹುದು. ಡೆವಲಪರ್ ಟೂಲ್ಸ್‌ನಲ್ಲಿ ಕ್ಯಾಶ್ ಆಫ್ ಮಾಡಿ, ಅಥವಾ ಪರೀಕ್ಷೆಗೆ ಟರ್ಮಿನಲ್‌ನಿಂದ ಪುಟ ತರಿಸುವ ‘ಕರ್ಲ್’ ಬಳಸಿ.

ಹಂತ 5: ಕಂಟೇನರ್ ಮತ್ತು ವರ್ಚುವಲ್ ಮಷಿನ್

ಡಾಕರ್ (ಪ್ರೋಗ್ರಾಂಗಳನ್ನು ಕಂಟೇನರ್ ಅನ್ನುವ ಪ್ರತ್ಯೇಕ ಆವರಣದಲ್ಲಿ ಓಡಿಸುವ ಟೂಲ್) ಬಳಸುವವರು ನೆನಪಿಡಬೇಕಾದದ್ದು: ಲಿನಕ್ಸ್‌ನಲ್ಲಿ ಪ್ರತಿ ನೆಟ್‌ವರ್ಕ್ ನೇಮ್‌ಸ್ಪೇಸ್‌ಗೂ, ಅಂದರೆ ಬೇರ್ಪಟ್ಟ ನೆಟ್‌ವರ್ಕ್ ಆವರಣಕ್ಕೂ, ತನ್ನದೇ ಲೂಪ್‌ಬ್ಯಾಕ್ ಇದೆ. ಕಂಟೇನರ್‌ನೊಳಗಿನ 127.0.0.1 ಬೇರೆ, ಹೋಸ್ಟ್‌ನ (ಅದನ್ನು ಓಡಿಸುವ ಕಂಪ್ಯೂಟರ್‌ನ) 127.0.0.1 ಬೇರೆ. ಹೋಸ್ಟ್‌ನ ‘ಎಲ್‌ಒ’ ಮೇಲೆ ಕೂತು ಕಂಟೇನರ್‌ನೊಳಗಿನ ಮಾತು ಕೇಳಲು ಆಗುವುದಿಲ್ಲ.

ಹೋಸ್ಟ್‌ನ 8080 ಪೋರ್ಟನ್ನು ಕಂಟೇನರ್‌ನ 80ಕ್ಕೆ ಜೋಡಿಸಿದ್ದೀರಿ ಅಂತ ಇಟ್ಟುಕೊಳ್ಳಿ. ಲಿನಕ್ಸ್ ಹೋಸ್ಟ್‌ನಲ್ಲಿ 127.0.0.1ರ 8080ಕ್ಕೆ ಬಂದ ಕನೆಕ್ಷನ್ನನ್ನು, ಸೆಟ್ಟಿಂಗ್ ಬದಲಿಸದಿದ್ದರೆ, ‘ಡಾಕರ್ ಪ್ರಾಕ್ಸಿ’ ಅನ್ನುವ ಪ್ರೋಗ್ರಾಂ ತೆಗೆದುಕೊಳ್ಳುತ್ತದೆ. ಅದು ಬ್ರಿಡ್ಜ್ (ಹೋಸ್ಟ್ ಮತ್ತು ಕಂಟೇನರ್‌ಗಳನ್ನು ಜೋಡಿಸುವ ಒಳ ನೆಟ್‌ವರ್ಕ್) ಮೂಲಕ ಕಂಟೇನರ್‌ಗೆ ಇನ್ನೊಂದು ಕನೆಕ್ಷನ್ ಮಾಡುತ್ತದೆ. ಮೊದಲ ಭಾಗ ‘ಎಲ್‌ಒ’ ಮೇಲೆ 8080 ಆಗಿ ಕಾಣುತ್ತದೆ, ಎರಡನೆಯದು ‘ಡಾಕರ್0’ ಮೇಲೆ 80 ಆಗಿ. ಬ್ರಿಡ್ಜ್ ಮೇಲೆ ಹೋಗಿ 8080 ಅಂತ ಫಿಲ್ಟರ್ ಹಾಕಿದರೆ ಏನೂ ಸಿಗದಿರುವುದು ಅದಕ್ಕೇ.

ಕಂಟೇನರ್‌ನ ಒಳಗೇ ನೋಡಬೇಕಾದರೆ ಅದರೊಳಗೆ ಟಿಸಿಪಿಡಂಪ್ ಹಾಕಬೇಕಿಲ್ಲ. ಹೋಸ್ಟ್‌ನಿಂದಲೇ ‘ಎನ್‌ಎಸ್‌ಎಂಟರ್’ ಬಳಸಿ. ‘ಮೈನಸ್ ಟಿ’ ಜೊತೆ ಕಂಟೇನರ್‌ನ ಪ್ರಾಸೆಸ್ ನಂಬರ್, ಆಮೇಲೆ ‘ಮೈನಸ್ ಎನ್’, ಆಮೇಲೆ ನಿಮ್ಮ ಮಾಮೂಲಿ ಟಿಸಿಪಿಡಂಪ್ ಆಜ್ಞೆ. ಟೂಲ್ ಹೋಸ್ಟ್‌ನದು, ನೆಟ್‌ವರ್ಕ್ ಮಾತ್ರ ಕಂಟೇನರ್‌ನದು. ನನಗೆ ಬಹಳ ಇಷ್ಟವಾದ ವಿಧಾನ ಇದು, ಕಂಟೇನರ್‌ನಲ್ಲಿ ಏನನ್ನೂ ಮುಟ್ಟಬೇಕಿಲ್ಲ.

ವಿಂಡೋಸ್ ಮತ್ತು ಮ್ಯಾಕ್‌ನ ಡಾಕರ್ ಡೆಸ್ಕ್‌ಟಾಪ್‌ನಲ್ಲಿ ಕಂಟೇನರ್‌ಗಳು ಒಂದು ವರ್ಚುವಲ್ ಮಷಿನ್‌ನೊಳಗೆ ಓಡುತ್ತವೆ. ವಿಂಡೋಸ್‌ನೊಳಗೆ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ 2 ಕೂಡ ವರ್ಚುವಲ್ ಮಷಿನ್ನೇ. ಒಳಗಿನ ಟ್ರಾಫಿಕ್ ಬೇಕಾದರೆ ಅದರೊಳಗೇ ಟಿಸಿಪಿಡಂಪ್ ಓಡಿಸಿ, ಫೈಲ್ ಹೊರಗೆ ತಂದು ವೈರ್‌ಶಾರ್ಕ್‌ನಲ್ಲಿ ತೆರೆಯಿರಿ.

ಹಂತ 6: ಫಿಲ್ಟರ್

ವೈರ್‌ಶಾರ್ಕ್‌ನಲ್ಲಿ ಎರಡು ಬಗೆಯ ಫಿಲ್ಟರ್ ಇವೆ, ಎರಡರ ಭಾಷೆಯೂ ಬೇರೆ. ಕ್ಯಾಪ್ಚರ್ ಫಿಲ್ಟರ್ ಹಿಡಿಯುವಾಗಲೇ ಜರಡಿ ಹಿಡಿಯುತ್ತದೆ. ಅಲ್ಲಿ ‘ಪೋರ್ಟ್ 8080’ ಅಂತ ಬರೆಯುತ್ತೇವೆ. ಡಿಸ್ಪ್ಲೇ ಫಿಲ್ಟರ್ ಹಿಡಿದಾದ ಮೇಲೆ ತೋರಿಸುವುದನ್ನು ಮಾತ್ರ ಆರಿಸುತ್ತದೆ. ಅಲ್ಲಿ ‘ಟಿಸಿಪಿ ಡಾಟ್ ಪೋರ್ಟ್’, ಆಮೇಲೆ ಎರಡು ಸಮ ಚಿಹ್ನೆ, ಆಮೇಲೆ 8080. ಕ್ಯಾಪ್ಚರ್ ಫಿಲ್ಟರ್‌ನಲ್ಲಿ ಬಿಟ್ಟುಹೋದದ್ದು ಮತ್ತೆ ಸಿಗುವುದಿಲ್ಲ. ಡಿಸ್ಪ್ಲೇ ಫಿಲ್ಟರ್ ಅಳಿಸಿದರೆ ಎಲ್ಲವೂ ವಾಪಸ್ ಬರುತ್ತದೆ. ತೊಂದರೆ ಹುಡುಕುವಾಗ ನನ್ನ ಸಲಹೆ: ಕ್ಯಾಪ್ಚರ್ ಫಿಲ್ಟರ್ ಖಾಲಿ ಬಿಡಿ ಅಥವಾ ಬರೀ ಪೋರ್ಟ್ ನಂಬರ್ ಕೊಡಿ, ಉಳಿದ ಸೂಕ್ಷ್ಮವನ್ನೆಲ್ಲ ಡಿಸ್ಪ್ಲೇ ಫಿಲ್ಟರ್‌ಗೆ ಬಿಡಿ.

ವಿಳಾಸಕ್ಕಿಂತ ಪೋರ್ಟ್ ನಂಬಿಕಸ್ಥ. ‘ಹೋಸ್ಟ್ 127.0.0.1’ ಅಂದರೆ ಐಪಿ ನಾಲ್ಕು ಮಾತ್ರ ಸಿಗುತ್ತದೆ. ‘ಟಿಸಿಪಿ ಪೋರ್ಟ್ 8080’ ಅಂದರೆ ಎರಡೂ ಸಿಗುತ್ತವೆ. ಆದರೆ ಸಿನ್ (ಕನೆಕ್ಷನ್ ಶುರು ಮಾಡುವ ಪ್ಯಾಕೆಟ್), ಆರ್‌ಎಸ್‌ಟಿಗಳನ್ನು (ಕನೆಕ್ಷನ್ ತಿರಸ್ಕರಿಸುವ ಅಥವಾ ಕಡಿಯುವ ಪ್ಯಾಕೆಟ್) ಮಾತ್ರ ಹಿಡಿಯಲು ‘ಟಿಸಿಪಿ’ ಮುಂದೆ ಚೌಕ ಕಂಸ ಹಾಕಿ ಬೈಟ್ ನೋಡುವ ಕ್ಯಾಪ್ಚರ್ ಫಿಲ್ಟರ್ ಇದೆಯಲ್ಲ, ಅದು ಐಪಿ ಆರರ ಪ್ಯಾಕೆಟ್‌ಗಳಿಗೆ ತಾಳೆಯಾಗುವುದಿಲ್ಲ. ಲೋಕಲ್‌ಹೋಸ್ಟ್ ::1 ಆಗಿದ್ದಾಗ ಇದು ಸುಮ್ನೆ ಖಾಲಿ ತೋರಿಸುತ್ತದೆ, ಎಚ್ಚರಿಕೆಯನ್ನೂ ಕೊಡುವುದಿಲ್ಲ.

ಹೊರಗಿನ ವೆಬ್‌ಸೈಟ್ ನೋಡುತ್ತಿದ್ದರೆ ‘ಟಿಸಿಪಿ ಪೋರ್ಟ್ 443’ ಸಾಲದು. ಎಚ್‌ಟಿಟಿಪಿ 3 ಓಡುವುದು ಯುಡಿಪಿ ಮೇಲೆ. ಬರೀ ‘ಪೋರ್ಟ್ 443’ ಅಂತ ಹಾಕಿ.

ಪ್ಯಾಕೆಟ್ ಇದೆ, ಆದರೆ ಎಚ್‌ಟಿಟಿಪಿ ಅಂತ ಗುರುತಿಸದೆ ಬರೀ ಟಿಸಿಪಿ ಅಂತ ತೋರಿಸುತ್ತಿದೆಯಾ? ಆ ಪೋರ್ಟ್ ವೈರ್‌ಶಾರ್ಕ್‌ಗೆ ಪರಿಚಯ ಇಲ್ಲ ಅಂತ. ಪ್ಯಾಕೆಟ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಡಿಕೋಡ್ ಆಸ್’ ಆರಿಸಿ, ಪ್ರೋಟೋಕಾಲ್ ಹೇಳಿಕೊಡಿ.

ಹಂತ 7: ಸಿಕ್ಕಿದೆ, ಆದರೆ ವಿಚಿತ್ರವಾಗಿದೆ

ಚೆಕ್‌ಸಮ್ (ಡೇಟಾ ಕೆಟ್ಟಿಲ್ಲ ಅಂತ ಪರೀಕ್ಷಿಸುವ ಅಂಕಿ) ತಪ್ಪು ಅಂತ ಬಂದರೆ ಗಾಬರಿ ಬೇಡ. ಚೆಕ್‌ಸಮ್ ಲೆಕ್ಕ ಹಾಕುವ ಕೆಲಸವನ್ನು ಕರ್ನಲ್ ನೆಟ್‌ವರ್ಕ್ ಕಾರ್ಡ್‌ಗೆ ಬಿಟ್ಟಿರುತ್ತದೆ. ಹೊರಗೆ ಹೋಗುವ ಪ್ಯಾಕೆಟ್ ನಿಮ್ಮ ಟೂಲ್‌ಗೆ ಸಿಗುವುದು ಕಾರ್ಡ್ ಮುಟ್ಟುವ ಮುಂಚೆ. ಲೂಪ್‌ಬ್ಯಾಕ್‌ನಲ್ಲಂತೂ ಕಾರ್ಡೇ ಇಲ್ಲ, ಲೆಕ್ಕ ಹಾಕುವ ಅಗತ್ಯವೂ ಇಲ್ಲ.

ಪ್ಯಾಕೆಟ್ ಗಾತ್ರ 1500 ಬೈಟ್ ಮೀರಿದ್ದರೂ ಅಷ್ಟೇ. ಲಿನಕ್ಸ್ ಲೂಪ್‌ಬ್ಯಾಕ್‌ನ ಮಿತಿ 65536 ಬೈಟ್, ಮ್ಯಾಕ್‌ನದು 16384. ಈಥರ್ನೆಟ್ ಮೇಲೂ ದೊಡ್ಡ ತುಂಡುಗಳು ಕಾಣಬಹುದು, ಯಾಕೆಂದರೆ ಅವನ್ನು ಕತ್ತರಿಸುವುದು ಕಾರ್ಡ್‌ನ ಕೆಲಸ.

‘ಹಿಂದಿನ ಸೆಗ್ಮೆಂಟ್ ಕ್ಯಾಪ್ಚರ್ ಆಗಿಲ್ಲ’ ಅನ್ನುವ ಸಂದೇಶ ಬಂದಾಗ ಮಾತ್ರ ನಿಂತು ನೋಡಬೇಕು. ಆ ಡೇಟಾಗೆ ಆಚೆ ಕಡೆಯಿಂದ ಎಸಿಕೆ (‘ತಲುಪಿತು’ ಅನ್ನುವ ರಸೀದಿ) ಬಂದಿದೆಯಾ? ಬಂದಿದ್ದರೆ ಡೇಟಾ ತಲುಪಿದೆ, ನಿಮ್ಮ ಕ್ಯಾಪ್ಚರ್ ಅದನ್ನು ತಪ್ಪಿಸಿಕೊಂಡಿದೆ ಅಷ್ಟೆ. ಲೂಪ್‌ಬ್ಯಾಕ್ ತುಂಬಾ ವೇಗದ ದಾರಿ, ಪರದೆಗೆ ಬರೆಯುತ್ತಾ ಹಿಡಿಯುವಾಗ ಇದು ಸಾಮಾನ್ಯ. ಟಿಸಿಪಿಡಂಪ್ ನಿಲ್ಲಿಸಿದಾಗ ಕೊನೆಯಲ್ಲಿ ಮೂರು ಲೆಕ್ಕ ಕೊಡುತ್ತದೆ. ಅದರಲ್ಲಿ ಕರ್ನಲ್ ಕೈಬಿಟ್ಟ ಪ್ಯಾಕೆಟ್‌ಗಳ ಸಂಖ್ಯೆ ಸೊನ್ನೆ ಇರಬೇಕು. ಇಲ್ಲದಿದ್ದರೆ ಪರದೆಗೆ ಬರೆಯುವುದು ಬಿಟ್ಟು ‘ಮೈನಸ್ ಡಬ್ಲ್ಯು’ ಕೊಟ್ಟು ಫೈಲ್‌ಗೆ ಬರೆಯಿರಿ. ದೊಡ್ಡ ಅಕ್ಷರದ ‘ಮೈನಸ್ ಬಿ’ ಮುಂದೆ 16384 ಕೊಟ್ಟರೆ ಬಫರ್ 16 ಎಂಬಿ ಆಗುತ್ತದೆ.

ಫೈಲ್ ಬರೆಯುವಾಗ ರೂಟ್ ಆಗಿದ್ದರೂ ಅನುಮತಿ ಇಲ್ಲ ಅಂತ ಬರಬಹುದು. ಕೆಲವು ಲಿನಕ್ಸ್‌ಗಳಲ್ಲಿ ಟಿಸಿಪಿಡಂಪ್ ಇಂಟರ್‌ಫೇಸ್ ತೆರೆದ ಮೇಲೆ ರೂಟ್ ಅಧಿಕಾರ ಬಿಟ್ಟುಕೊಟ್ಟು ತನ್ನದೇ ಸಣ್ಣ ಖಾತೆಗೆ ಇಳಿಯುತ್ತದೆ. ಫೈಲನ್ನು ಟೆಂಪ್ ಫೋಲ್ಡರ್‌ಗೆ ಬರೆದರೆ ಸರಿಹೋಗುತ್ತದೆ.

ಇನ್ನೊಂದು. ಎಸ್‌ಎಸ್‌ಎಚ್ (ದೂರದಿಂದ ಟರ್ಮಿನಲ್ ತೆರೆಯುವ ವಿಧಾನ) ಮೂಲಕ ಒಳಬಂದು ವೈಫೈ ಅಥವಾ ಈಥರ್ನೆಟ್ ಮೇಲೆ ಕ್ಯಾಪ್ಚರ್ ಮಾಡುತ್ತಿದ್ದರೆ ‘ನಾಟ್ ಪೋರ್ಟ್ 22’ ಸೇರಿಸಿ. ಇಲ್ಲದಿದ್ದರೆ ಪರದೆಗೆ ಬಂದ ಪ್ರತಿ ಸಾಲೂ ಹೊಸ ಪ್ಯಾಕೆಟ್ ಹುಟ್ಟಿಸುತ್ತದೆ, ಆ ಪ್ಯಾಕೆಟ್ ಇನ್ನೊಂದು ಸಾಲು ಬರೆಸುತ್ತದೆ, ಇದು ನಿಲ್ಲುವುದೇ ಇಲ್ಲ.

ಹಂತ 8: ಕಂಡದ್ದನ್ನು ಓದುವುದು

ಇಷ್ಟು ದೂರ ಬಂದದ್ದು ಇದಕ್ಕಾಗಿಯೇ. ಮೊದಲ ಸಿನ್ ಪ್ಯಾಕೆಟ್ ಹುಡುಕಿ, ಅದಕ್ಕೆ ಏನು ಉತ್ತರ ಬಂತು ನೋಡಿ.

ತಕ್ಷಣ ಆರ್‌ಎಸ್‌ಟಿ ಬಂದರೆ ಸಾಮಾನ್ಯವಾಗಿ ಆ ವಿಳಾಸದ ಆ ಪೋರ್ಟ್‌ನಲ್ಲಿ ಯಾರೂ ಕೇಳುತ್ತಿಲ್ಲ ಅಂತ ಅರ್ಥ. ಸರ್ವರ್ ಓಡುತ್ತಿದ್ದರೂ ಹೀಗಾಗಬಹುದು. ಸರ್ವರ್ 127.0.0.1ರಲ್ಲಿ ಮಾತ್ರ ಕೇಳುತ್ತಿದೆ, ಬ್ರೌಸರ್ ::1ಕ್ಕೆ ಹೋಗುತ್ತಿದೆ ಅಂದರೆ ಅಲ್ಲಿ ಆರ್‌ಎಸ್‌ಟಿ ಬಂದು, ಆಮೇಲೆ 127.0.0.1ಕ್ಕೆ ಮರುಪ್ರಯತ್ನ ಆಗುತ್ತದೆ. ವಿಂಡೋಸ್ ಆರ್‌ಎಸ್‌ಟಿ ಬಂದ ಮೇಲೂ ಮತ್ತೆ ಸಿನ್ ಕಳಿಸಿ ನೋಡುವುದರಿಂದ, ಪ್ರತಿ ಹೊಸ ಕನೆಕ್ಷನ್‌ಗೂ ಒಂದೆರಡು ಸೆಕೆಂಡ್ ವ್ಯರ್ಥವಾಗಬಹುದು. ಲೋಕಲ್‌ಹೋಸ್ಟ್ ಯಾಕೋ ನಿಧಾನ ಅನ್ನುವ ಎಷ್ಟೋ ದೂರುಗಳ ಹಿಂದೆ ಇದೇ ಇರುತ್ತದೆ. ಕ್ಯಾಪ್ಚರ್‌ನಲ್ಲಿ ಇದು ಕಣ್ಣಿಗೆ ಹೊಡೆದಂತೆ ಕಾಣುತ್ತದೆ.

ಉತ್ತರವೇ ಇಲ್ಲದೆ ಅದೇ ಸಿನ್ ಬಿಟ್ಟುಬಿಟ್ಟು ಮತ್ತೆ ಬರುತ್ತಿದ್ದರೆ ಫೈರ್‌ವಾಲ್ ಮೇಲೆ ಅನುಮಾನ ಪಡಿ. ಲಿನಕ್ಸ್‌ನಲ್ಲಿ ಒಳಬರುವ ಪ್ಯಾಕೆಟ್ ಟಿಸಿಪಿಡಂಪ್‌ಗೆ ಸಿಗುವುದು ಫೈರ್‌ವಾಲ್ ನಿಯಮಗಳಿಗೂ ಮುಂಚೆ. ಹೊರಹೋಗುವುದು ಸಿಗುವುದು ಫೈರ್‌ವಾಲ್ ದಾಟಿದ ಮೇಲೆ. ಅಂದರೆ ಒಳಬರುವ ಪ್ಯಾಕೆಟ್ ಕ್ಯಾಪ್ಚರ್‌ನಲ್ಲಿ ಕಂಡಿದೆ ಅಂದಮಾತ್ರಕ್ಕೆ ಅಪ್ಲಿಕೇಶನ್‌ಗೆ ತಲುಪಿದೆ ಅಂತಲ್ಲ. ಹೊರಹೋಗುವ ಪ್ಯಾಕೆಟ್ ಕಾಣದಿದ್ದರೆ ಅದನ್ನು ಫೈರ್‌ವಾಲ್ ಮೊದಲೇ ತಡೆದಿರಬಹುದು. ಈ ಒಂದು ವಿಷಯ ಗೊತ್ತಿದ್ದರೆ ಅರ್ಧ ಜಗಳ ಮುಗಿಯುತ್ತದೆ.

ಕನೆಕ್ಷನ್ ಆಗಿದೆ, ಆದರೆ ನಿಧಾನ ಅಂದರೆ ಸಮಯದ ಕಾಲಂ ನೋಡಿ. ಲೂಪ್‌ಬ್ಯಾಕ್‌ನಲ್ಲಿ ದಾರಿಯ ವಿಳಂಬ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ರಿಕ್ವೆಸ್ಟ್ ಹೋಗಿ, ಅದಕ್ಕೆ ಎಸಿಕೆ ತಕ್ಷಣ ಬಂದು, ಉತ್ತರ ಮಾತ್ರ 3 ಸೆಕೆಂಡ್ ತಡವಾಗಿದ್ದರೆ ಆ 3 ಸೆಕೆಂಡ್ ಸರ್ವರ್ ಪ್ರೋಗ್ರಾಂನದು. ‘ಝೀರೋ ವಿಂಡೋ’ ಕಂಡರೆ ಪಡೆಯುವ ಕಡೆಯ ಪ್ರೋಗ್ರಾಂ ಬಂದ ಡೇಟಾ ಓದಿ ಮುಗಿಸುತ್ತಿಲ್ಲ. ಲಿನಕ್ಸ್‌ನಲ್ಲಿ ಮತ್ತೆ ಮತ್ತೆ ಹೆಚ್ಚುಕಡಿಮೆ 40 ಮಿಲಿಸೆಕೆಂಡ್ ಅಂತರ ಕಂಡರೆ, ಒಂದು ಕಡೆ ಎಸಿಕೆ ತಡಮಾಡುತ್ತಿದೆ, ಇನ್ನೊಂದು ಕಡೆ ಆ ಎಸಿಕೆ ಬರಲಿ ಅಂತ ಚಿಕ್ಕ ಡೇಟಾ ಹಿಡಿದಿಟ್ಟುಕೊಂಡಿದೆ. ಪ್ರೋಗ್ರಾಂನಲ್ಲಿ ‘ಟಿಸಿಪಿ ನೋ-ಡಿಲೇ’ ಆಯ್ಕೆ ಆನ್ ಮಾಡಿ ನೋಡಿ.

ಹಂತ 9: ಟಿಎಲ್‌ಎಸ್ ಒಳಗೆ ನೋಡಬೇಕಾದರೆ

ಎಚ್‌ಟಿಟಿಪಿಎಸ್ ಆದರೆ ಡೇಟಾ ಟಿಎಲ್‌ಎಸ್ ಅನ್ನುವ ಗೂಢಲಿಪಿಯಲ್ಲಿ ಹೋಗುತ್ತದೆ, ಹಾಗಾಗಿ ಪ್ಯಾಕೆಟ್ ಸಿಕ್ಕರೂ ಒಳಗಿನದು ಓದಲು ಆಗುವುದಿಲ್ಲ. ನಿಮ್ಮದೇ ಪ್ರೋಗ್ರಾಂ ಆಗಿದ್ದರೆ ದಾರಿ ಇದೆ. ‘ಎಸ್‌ಎಸ್‌ಎಲ್‌ಕೀಲಾಗ್‌ಫೈಲ್’ ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ, ಎಲ್ಲವೂ ದೊಡ್ಡ ಅಕ್ಷರದಲ್ಲಿ, ಒಂದು ಫೈಲ್‌ನ ಜಾಗ ಕೊಡಿ, ಗೂಢಲಿಪಿ ಬಿಡಿಸುವ ಕೀಗಳು ಅಲ್ಲಿಗೆ ಬರುತ್ತವೆ. ಬ್ರೌಸರನ್ನು ಪೂರ್ತಿ ಮುಚ್ಚಿ ಅದೇ ಟರ್ಮಿನಲ್‌ನಿಂದ ತೆರೆಯಿರಿ. ಕ್ರೋಮ್, ಫೈರ್‌ಫಾಕ್ಸ್, ಕರ್ಲ್ ಇದನ್ನು ಪಾಲಿಸುತ್ತವೆ, ಎಲ್ಲ ಪ್ರೋಗ್ರಾಂಗಳೂ ಪಾಲಿಸುವುದಿಲ್ಲ. ಆಮೇಲೆ ವೈರ್‌ಶಾರ್ಕ್‌ನ ಪ್ರಿಫರೆನ್ಸಸ್‌ನಲ್ಲಿ ಪ್ರೋಟೋಕಾಲ್ಸ್, ಅದರೊಳಗೆ ಟಿಎಲ್‌ಎಸ್‌ಗೆ ಹೋಗಿ ಅದೇ ಫೈಲ್ ತೋರಿಸಿ. ಕ್ಯಾಪ್ಚರ್ ಕನೆಕ್ಷನ್ ಶುರುವಾಗುವ ಮುಂಚೆಯೇ ಓಡುತ್ತಿರಬೇಕು. ಮೊದಲ ಹ್ಯಾಂಡ್‌ಶೇಕ್ (ಕನೆಕ್ಷನ್ ಶುರುವಿನ ಮಾತುಕತೆ) ತಪ್ಪಿದರೆ ಕೀ ಇದ್ದರೂ ಬಿಡಿಸಲು ಆಗುವುದಿಲ್ಲ.

ಬೇರೆಯವರ ನೆರವು ಕೇಳಲು ಕ್ಯಾಪ್ಚರ್ ಫೈಲ್ ಕಳಿಸುವ ಮುಂಚೆ ಒಂದು ಕೆಲಸ ಮಾಡಿ. ಬೇಕಾದ ಕನೆಕ್ಷನ್ ಮಾತ್ರ ಡಿಸ್ಪ್ಲೇ ಫಿಲ್ಟರ್‌ನಲ್ಲಿ ಉಳಿಸಿ, ಫೈಲ್ ಮೆನುವಿನ ‘ಎಕ್ಸ್‌ಪೋರ್ಟ್ ಸ್ಪೆಸಿಫೈಡ್ ಪ್ಯಾಕೆಟ್ಸ್’ ಮೂಲಕ ಬೇರೆ ಫೈಲ್ ಮಾಡಿ. ಲೂಪ್‌ಬ್ಯಾಕ್ ಟ್ರಾಫಿಕ್ ಹೆಚ್ಚಾಗಿ ಗೂಢಲಿಪಿ ಇಲ್ಲದೆ ಓಡುತ್ತದೆ. ಅದರಲ್ಲಿ ಪಾಸ್‌ವರ್ಡ್, ಕುಕೀ, ಟೋಕನ್‌ಗಳು ಹಾಗೇ ಇರುತ್ತವೆ. ಕಂಪ್ಯೂಟರ್ ನಿಮ್ಮದಲ್ಲದಿದ್ದರೆ, ಅದರ ಜವಾಬ್ದಾರಿ ಇರುವವರ ಒಪ್ಪಿಗೆ ಪಡೆದೇ ಕ್ಯಾಪ್ಚರ್ ಮಾಡಿ. ಕೆಲಸ ಮುಗಿದ ಮೇಲೆ ಎನ್ವಿರಾನ್‌ಮೆಂಟ್ ವೇರಿಯಬಲ್ ತೆಗೆದು, ಕೀ ಫೈಲ್ ಅಳಿಸಿ, ಬ್ರೌಸರ್ ಮುಚ್ಚಿ ಮತ್ತೆ ತೆರೆಯಿರಿ.